ನುಗ್ಗೇಕಾಯಿ ಮುರಿದರೆ ಮೂಳೆ

ನಿಮ್ಮ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ವಯಸ್ಸು ಇಪ್ಪತ್ತೈದರ ಆಚೆ, ಮದುವೆಯ ಈಚೆ. ಹಗಲೆಲ್ಲ ಯಾವುದೋ ಕಂಪನಿಯ ಕಂಪ್ಯೂಟರ್ ಮುಂದೆ ಕೂತು ಬರುವ ಹುಡುಗ, ರಾತ್ರಿ ಹತ್ತರ ಮೇಲೆ ಡೈರೆಕ್ಟ್ರು. ಕಪ್ಪು ಟೀ ಶರ್ಟು, ಕೊರಳಲ್ಲಿ ಹೆಡ್‌ಫೋನು, ಬೆನ್ನಿಗೆ ಬ್ಯಾಗು, ಬ್ಯಾಗಿನೊಳಗೆ ಸ್ಕ್ರಿಪ್ಟು ಮತ್ತು ಅದರಡಿ ಮರೆತುಹೋದ ಒಂದು ಬಾಳೆಹಣ್ಣು. ಟೀ ಅಂಗಡಿಯ ಮುಂದೆ ನಿಂತು ಎರಡೂ ಕೈಯ ಹೆಬ್ಬೆರಳು ತೋರುಬೆರಳು ಜೋಡಿಸಿ ಚೌಕಟ್ಟು ಮಾಡಿ, ಒಂದು ಕಣ್ಣು ಮುಚ್ಚಿ ಎದುರುಮನೆಯನ್ನೇ ದಿಟ್ಟಿಸುತ್ತಿದ್ದರೆ ಅವರೇ ಎಂದು ತಿಳಿಯಿರಿ. ನಮ್ಮ ಹನುಮಂತನಗರದಲ್ಲಿ ಹೀಗೆ ದಿಟ್ಟಿಸುತ್ತಿದ್ದಾಗ, ವಾಸ್ತು ಹೇಳುವವರಿರಬೇಕೆಂದು ಆ ಮನೆಯ ಯಜಮಾನರು ಒಳಗೆ ಕರೆದು ಕಾಫಿ ಕೊಟ್ಟರು. ಡೈರೆಕ್ಟ್ರು ಮನೆಯೆಲ್ಲ ಸುತ್ತಿ ನೋಡಿ, "ಬಚ್ಚಲುಮನೆ ತುಂಬ ಚೆನ್ನಾಗಿದೆ ಅಂಕಲ್, ಇಲ್ಲೊಂದು ಕೊಲೆ ಮಾಡಬಹುದು" ಎಂದು ಮೆಚ್ಚಿ ಬಂದರು.

"ಸರ್, ಒಂದು ಲೈನ್ ಇದೆ. ಎರಡೇ ನಿಮಿಷ." ಹೀಗೆಂದು ಕೈ ಹಿಡಿದುಕೊಂಡರೆ ಆ ಸಂಜೆ ನಿಮ್ಮ ಮನೆಗೆ ತರಕಾರಿ ಬಂದಂತೆಯೇ.

"ಒಬ್ಬ ಇರ್ತಾನೆ ಸರ್. ಒಂಟಿ. ಅವನ ಮನೇಲಿ ಒಂದು ರೂಮು. ಆ ಬಾಗಿಲು ಯಾವತ್ತೂ ಮುಚ್ಚಿರುತ್ತೆ. ಏರಿಯಾದಲ್ಲಿ ಒಂದೊಂದೇ ಕೊಲೆ ಆಗ್ತಾ ಹೋಗುತ್ತೆ. ಕೊನೇಲಿ ಅವನು ಆ ಬಾಗಿಲು ತೆಗೀತಾನೆ."

"ಒಳಗೆ?"

"ಒಳಗೆ ಅವನೇ ಇರ್ತಾನೆ!"

"ಮತ್ತೆ ಬಾಗಿಲು ತೆಗೆದೋನು ಯಾರಪ್ಪಾ?"

"ಅದನ್ನ ಪ್ರೇಕ್ಷಕರಿಗೆ ಬಿಟ್ಟಿದೀನಿ ಸರ್."

ಪ್ರೇಕ್ಷಕರಿಗೆ ಬಿಡುವ ವಿಷಯದಲ್ಲಿ ಇವರದು ಬಲು ಧಾರಾಳದ ಕೈ. ಸತ್ತವರು ಯಾರು, ಯಾಕೆ ಸತ್ತರು, ಪೊಲೀಸರು ಎಲ್ಲಿ ಹೋದರು, ಎಲ್ಲವೂ ಪ್ರೇಕ್ಷಕರ ಪಾಲು. ಇದು ಸೈಕಲಾಜಿಕಲ್ ಹಾರರ್, ಮಾಮೂಲಿ ದೆವ್ವದ ಚಿತ್ರ ಅಲ್ಲ ಎಂದು ಅವರು ಹೇಳುವಾಗ ದನಿ ಅರ್ಧ ಇಳಿಯುತ್ತದೆ. ಒಳಮರ್ಮ ಬಜೆಟ್ಟಿನಲ್ಲಿದೆ. ದೆವ್ವ ಎಂದರೆ ಬಿಳಿ ಸೀರೆ, ಉದ್ದ ಕೂದಲಿನ ವಿಗ್ಗು, ಹೊಗೆ ಬಿಡುವ ಯಂತ್ರ, ಹಾರಿಸಲು ಹಗ್ಗ, ಆ ಹಗ್ಗ ಕಾಣದಂತೆ ಅಳಿಸಲು ಗ್ರಾಫಿಕ್ಸು. ಕೊಲೆಗಾರನ ತಲೆಯೊಳಗಿನ ದೆವ್ವಕ್ಕೆ ಇದೊಂದೂ ಬೇಡ. ಅವನು ಗೋಡೆ ನೋಡುತ್ತಾ ಕೂತರೆ ಸಾಕು. ಗೋಡೆಗಳು ಬಾಡಿಗೆ ಮನೆಯ ಜೊತೆಗೇ ಬಂದಿರುತ್ತವೆ. ಕೊಲೆಗಾರನ ಕಾಯಿಲೆ ಏನೆಂದು ಮಾತ್ರ ಕೇಳಬೇಡಿ. 2004ರಲ್ಲಿ ‘ಆಪ್ತಮಿತ್ರ’ ಬಂದಮೇಲೆ ಕನ್ನಡನಾಡಿನ ಮನೆಮನೆಯಲ್ಲೂ ಒಬ್ಬ ಮನೋವೈದ್ಯ ಹುಟ್ಟಿಕೊಂಡಿದ್ದಾನೆ. ನಿಮ್ಹಾನ್ಸಿನವರು ಎಷ್ಟೇ ಓದಿರಲಿ, ವಿಷ್ಣುವರ್ಧನ್ ಹೇಳಿದ ಮೇಲೆ ಅಪೀಲಿಲ್ಲ.

ಹಣದ ಮಾತು ಬಂದಾಗ ಡೈರೆಕ್ಟ್ರು ಸಾಕ್ಷಿಗಳನ್ನು ಕರೆಯುತ್ತಾರೆ. ಓರೆನ್ ಪೆಲಿ ಎಂಬಾತ ತನ್ನ ಸ್ವಂತ ಮನೆಯಲ್ಲೇ ಕ್ಯಾಮೆರಾ ಇಟ್ಟು, ಸುಮಾರು 15 ಸಾವಿರ ಡಾಲರಿನಲ್ಲಿ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ತೆಗೆದು ಜಗತ್ತನ್ನೇ ಬೆಚ್ಚಿಬೀಳಿಸಿದ ಕಥೆ ಅವರಿಗೆ ಬಾಯಿಪಾಠ. ಆ 15 ಸಾವಿರವನ್ನು ರೂಪಾಯಿಗೆ ತಿರುಗಿಸಿ ನೋಡಿದಂದು ಮಾತ್ರ ರಾತ್ರಿ ಊಟ ಬಿಟ್ಟಿದ್ದರಂತೆ. ಆಮೇಲೆ ಪವನ್ ಕುಮಾರ್ ‘ಲೂಸಿಯಾ’ಕ್ಕೆ ಪ್ರೇಕ್ಷಕರಿಂದಲೇ ಹಣ ಎತ್ತಿದ್ದು ನೆನಪಾಗಿ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಭಾವುಕ ಮನವಿ ಹಾಕಿದರು. ಚಿಕ್ಕಪ್ಪ ‘ಶುಭಮಸ್ತು’ ಎಂದರು. ಅದಕ್ಕೆ ಉಳಿದವರೆಲ್ಲ ಸಾಲಾಗಿ ಕೈ ಮುಗಿದರು. ಸೋದರತ್ತೆ ಒಬ್ಬರು 501 ರೂಪಾಯಿ ಮುಯ್ಯಿ ಕಳಿಸಿ, "ಹುಡುಗಿ ಯಾವ ಊರು?" ಎಂದು ಕೇಳಿದರು. ಅವರು ಮನವಿಯ ಮೊದಲ ಸಾಲಿನಲ್ಲಿದ್ದ ‘ಮುಹೂರ್ತ’ ಓದಿ ಅಲ್ಲಿಗೇ ನಿಲ್ಲಿಸಿದ್ದರು.

ಮುಹೂರ್ತ ಎಂದರೆ ಮುಹೂರ್ತವೇ. ಜಗತ್ತನ್ನು ಹೆದರಿಸಲು ಹೊರಟ ಚಿತ್ರ ರಾಹುಕಾಲಕ್ಕೆ ಹೆದರಿ ಇಪ್ಪತ್ತು ನಿಮಿಷ ಕಾದಿತು. ಗಣಪತಿಗೆ ಗರಿಕೆ, ಕ್ಯಾಮೆರಾಕ್ಕೆ ಅಂದರೆ ಮೊಬೈಲಿಗೆ ಕುಂಕುಮ. ಕುಂಕುಮ ಲೆನ್ಸಿನ ಮೇಲೇ ಬಿದ್ದು ಮೊದಲ ದಿನದ ದೃಶ್ಯಗಳೆಲ್ಲ ಒಂದು ಮೂಲೆಯಲ್ಲಿ ಕೆಂಪಗಿವೆ. ಅದು ಕೊಲೆಗಾರನ ಅಂತರಂಗದ ಸಂಕೇತವೆಂದು ಆಮೇಲೆ ತೀರ್ಮಾನವಾಯಿತು. ಚಿತ್ರೀಕರಣಕ್ಕೆ ಆಗುಂಬೆಯೇ ಬೇಕೆಂದು ಮೊದಲು ಹಟ ಹಿಡಿದಿದ್ದರು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಊರು, ಮಳೆ, ಮಂಜು, ಹಳೇ ಮನೆ. ಬಸ್ ಚಾರ್ಜು ಲೆಕ್ಕ ಹಾಕಿದ ಮೇಲೆ ಆಗುಂಬೆ ನಮ್ಮ ಮನೆಯ ತಾರಸಿಗೆ ಬಂತು. ಮಳೆಗೆ ಪೈಪು, ಮಂಜಿಗೆ ಸಾಂಬ್ರಾಣಿ.

ಇನ್ನು ಕೊಲೆಗಾರ. ಇಂಥ ಚಿತ್ರಗಳ ಕೊಲೆಗಾರ ಯಾವಾಗಲೂ ಡೈರೆಕ್ಟ್ರ ಗೆಳೆಯರ ಪೈಕಿ ಅತ್ಯಂತ ಸಾಧು ಪ್ರಾಣಿಯೇ ಆಗಿರುತ್ತಾನೆ, ಯಾಕೆಂದರೆ ಕರೆದರೆ ಬರುವವನು ಅವನೊಬ್ಬನೇ. ನಮ್ಮ ಕೊಲೆಗಾರ ಸಹಕಾರಿ ಬ್ಯಾಂಕಿನ ಗುಮಾಸ್ತ. ಜಿರಳೆ ಕಂಡರೆ ಕುರ್ಚಿ ಹತ್ತುವವನು. ಅವನಿಗಾಗಿ ಡೈರೆಕ್ಟ್ರು ಒತ್ತೊತ್ತಾಗಿ ಟೈಪು ಮಾಡಿದ ಒಂದು ‘ಪೂರ್ವಕಥೆ’ ಕೊಟ್ಟಿದ್ದರು. ಬಾಲ್ಯದಲ್ಲಿ ಅಪ್ಪ ಬೈದದ್ದು, ಗಾಳಿಪಟ ಹರಿದದ್ದು, ಆರನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದು. ಹುಡುಗ ಶ್ರದ್ಧೆಯಿಂದ ಓದಿ, "ಇಷ್ಟೆಲ್ಲ ನನಗೂ ಆಗಿದೆಯಲ್ಲೋ, ನಾನ್ಯಾಕೆ ಯಾರನ್ನೂ ಕೊಲ್ಲಲಿಲ್ಲ?" ಎಂದು ಕೇಳಿದ. ಆ ಪ್ರಶ್ನೆಯೇ ಒಂದು ಒಳ್ಳೆಯ ಚಿತ್ರವಾಗುತ್ತಿತ್ತು ಅಂತ ನನ್ನ ಅಭಿಪ್ರಾಯ. ಆದರೆ ಡೈರೆಕ್ಟ್ರು, "ಒಳಗಿಂದ ಬರಬೇಕು ಮಗಾ, ಒಳಗಿಂದ" ಎಂದು ಎದೆ ತಟ್ಟಿಕೊಂಡು ಮುಂದಿನ ಶಾಟಿಗೆ ಹೋದರು. ಒಳಗಿಂದ ಬಂದದ್ದು ಒಂದೇ ಮಾತು: "ಎಷ್ಟೊತ್ತಿಗೆ ಬಿಡ್ತೀರ? ನಾಳೆ ಆಡಿಟ್ ಇದೆ."

ಮುಖವಾಡದ ವಿಷಯದಲ್ಲೂ ವಿದೇಶಿ ಪೂರ್ವನಿದರ್ಶನ ಉಂಟು. 1978ರ ‘ಹ್ಯಾಲೋವೀನ್’ ಚಿತ್ರಕ್ಕೆ ಜಾನ್ ಕಾರ್ಪೆಂಟರನ ತಂಡ ಅಂಗಡಿಯಿಂದ ಒಂದು ಅಗ್ಗದ ಮುಖವಾಡ ತಂದು, ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ಅಗಲ ಮಾಡಿತ್ತು. ಅದು ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್‌ನ ಮುಖ. ಬಾಹ್ಯಾಕಾಶದ ಆ ಸಜ್ಜನ ಹೀಗೆ ಎರಡು ಡಾಲರಿಗೆ ಕೊಲೆಗಾರನಾದ. ಡೈರೆಕ್ಟ್ರು ಈ ಹುಮ್ಮಸ್ಸಿನಲ್ಲಿ ಚಿಕ್ಕಪೇಟೆಯೆಲ್ಲ ಜಾಲಾಡಿದರು. ಸಿಕ್ಕಿದ್ದು ಸ್ಕೂಲ್ ಡೇಗೆ ಮಾರುವ ಹನುಮಂತ, ಕರಡಿ ಮತ್ತು ಗಾಂಧೀಜಿ. ಮೂವರನ್ನೂ ಕೊಲೆಗಾರನನ್ನಾಗಿ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಕರಡಿಗೆ ಬರುತ್ತಿತ್ತು, ಆದರೆ ಅದು ನಗುತ್ತಿತ್ತು. ಕೊನೆಗೆ ಮನೆಯಲ್ಲೇ ಇದ್ದ ಮಂಕಿ ಕ್ಯಾಪು, ಮೇಲೊಂದು ರೈನ್‌ಕೋಟು. ಲುಕ್ ಟೆಸ್ಟಿಗೆಂದು ಡಿಸೆಂಬರಿನ ಒಂದು ಮುಂಜಾನೆ ಕೊಲೆಗಾರನನ್ನು ಬೀದಿಗೆ ಬಿಟ್ಟರು. ವಾಕಿಂಗ್ ಹೊರಟ ನಿವೃತ್ತ ಹೆಡ್‌ಮಾಸ್ಟರರಂತಿದ್ದ ಅವನಿಗೆ ದಾರಿಯಲ್ಲಿ ಇಬ್ಬರು ನಮಸ್ಕಾರ ಹೇಳಿದರು. ಒಬ್ಬರು ಪಿಂಚಣಿ ಬಾಕಿಯ ಬಗ್ಗೆ ವಿಚಾರಿಸಿದರು.

ಆಯುಧ ಚಾಕುವಾದರೆ ಮಾಮೂಲಿ, ಮಚ್ಚಾದರೆ ಗಾಂಧಿನಗರ. ‘ನಮ್ಮ ಮಣ್ಣಿನ ಹಾರರ್’ ಆಗಬೇಕೆಂದು ಡೈರೆಕ್ಟ್ರು ಅಮ್ಮನ ಈಳಿಗೆಮಣೆ ಆರಿಸಿದರು. ನೋಡುವುದಕ್ಕೇನೋ ಭಯಂಕರವೇ. ಬಾಗಿದ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಆದರೆ ಈಳಿಗೆಮಣೆಯ ಸ್ವಭಾವವೇ ಬೇರೆ. ಅದು ಕೂತಲ್ಲಿ ಕೂತಿರುತ್ತದೆ, ಹೆಚ್ಚಬೇಕಾದ್ದು ಅದರ ಹತ್ತಿರ ಹೋಗಬೇಕು. ಕೊಲೆಗಾರ ಮಣೆಯ ಮೇಲೆ ಒಂದು ಕಾಲು ಮಡಚಿ ಕೂತ. ಸಾಯಬೇಕಾದವನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಬನ್ನಿ ಸರ್, ಕೂತ್ಕೊಳ್ಳಿ" ಎಂದ ಕೊಲೆಗಾರ. ಅಷ್ಟರಲ್ಲಿ ಡೈರೆಕ್ಟ್ರ ತಾಯಿ ಬಾಗಿಲಲ್ಲಿ ನಿಂತು, "ಹುರುಳೀಕಾಯಿ ಹೆಚ್ಚಬೇಕು, ನಿಮ್ಮದು ಯಾವಾಗ ಮುಗಿಯುತ್ತೋ" ಎಂದರು. ಡೈರೆಕ್ಟ್ರು ತಕ್ಷಣ ‘ಕಟ್’ ಹೇಳಿದರು. ಕೈದು ಕಂಡು ಹೆದರದ, ಕತ್ತಲೆ ಕಂಡು ಬೆದರದ ಇಂಥ ವೀರರೆಲ್ಲ ಹೆದರುವುದು ಆ ಒಂದು ದನಿಗೆ. ಹಿಚ್‌ಕಾಕ್‌ನ ‘ಸೈಕೋ’ ಕೊಲೆಗಾರನಿಗೂ ಅಮ್ಮನದೇ ತೊಂದರೆ ಎಂಬುದನ್ನು ಇಲ್ಲಿ ಗಮನಿಸಬೇಕು.

ರಕ್ತದ ಪ್ರಯೋಗಗಳನ್ನು ಹತ್ತಿರದಿಂದ ಕಂಡವನು ನಾನು, ಏಕೆಂದರೆ ಹೆಣದ ಪಾತ್ರ ನನ್ನದು. (ಅಭಿನಯ ಕಂಡು ಕೊಟ್ಟದ್ದಲ್ಲ. ನಮ್ಮ ಪಡಸಾಲೆಯ ಕೆಂಪು ಗಾರೆ ನೆಲ ಅವರಿಗೆ ಬೇಕಿತ್ತು, ನೆಲದ ಜೊತೆ ನಾನು ಹೋದೆ.) ಬೀಟ್‌ರೂಟ್ ರಸ ಕ್ಯಾಮೆರಾದಲ್ಲಿ ನೇರಳೆಯಾಗಿ ಕಂಡಿತು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಬರುವ ಕೆಂಪು ಥೇಟ್ ರಕ್ತವೇ, ಆದರೆ ಅದು ಆರತಿ ನೀರು. "ಮದುವೆ ಮುಂಜಿಯದನ್ನ ಹೆಣಕ್ಕೆ ಬಳೀತೀಯೇನೋ?" ಎಂದು ತಾಯಿ ಬಟ್ಟಲು ಕಿತ್ತುಕೊಂಡರು. ಹಾಲಿವುಡ್ಡಿನವರು ಮೆಕ್ಕೆಜೋಳದ ಸಿರಪ್ಪಿಗೆ ಕೆಂಪು ಬಣ್ಣ ಹಾಕುತ್ತಾರೆಂದು ಓದಿ, ಕೊನೆಗೆ ಸಕ್ಕರೆ ಪಾಕ ಕಾಯಿಸಿದರು. ಎಳೆಪಾಕ, ಕೆಂಪು ಬಣ್ಣ, ಕಪ್ಪಿಡಲು ಚಿಟಿಕೆ ಕೋಕೋ ಪುಡಿ. ಕತ್ತಿನ ಸುತ್ತ ಸುರಿದಾಗ ಬೆಚ್ಚಗೆ ಹಿತವಾಗಿಯೇ ಇತ್ತು. ಮೊದಲು ಕಪ್ಪಿರುವೆಗಳು ಬಂದವು. ಅವು ಸಂಭಾವಿತರು, ಕಿವಿಯ ಹಿಂದೆ ತಮ್ಮಷ್ಟಕ್ಕೆ ತಾವು ಸಾಲು ಹಿಡಿದವು. ಅವರ ಹಿಂದೆ ಕೆಂಪಿರುವೆಗಳು ಬಂದವು. ಹೆಣ ಮೊದಲು ಮೂಗು ಕುಣಿಸಿತು, ಆಮೇಲೆ ಭುಜ ಕುಣಿಸಿತು, ಆಮೇಲೆ ಎದ್ದು ಬಚ್ಚಲಿಗೆ ಓಡಿತು. ಡೈರೆಕ್ಟ್ರು ಕಟ್ ಹೇಳಲಿಲ್ಲ. "ರೋಲಿಂಗ್, ರೋಲಿಂಗ್! ಹೆಣ ಎದ್ದು ಓಡೋದು ಸ್ಕ್ರಿಪ್ಟಲ್ಲೇ ಇರಲಿಲ್ಲ, ಸೂಪರ್ ಸರ್!" ಎಂದು ಹಿಂದೆಯೇ ಓಡಿಬಂದರು. ಚಿತ್ರದಲ್ಲಿ ಅದನ್ನು ಕೊಲೆಗಾರನ ಭ್ರಮೆ ಎಂದು ಇಟ್ಟಿದ್ದಾರೆ.

ಇಷ್ಟಾದ ಮೇಲೆ ಚಿತ್ರ ಕಪ್ಪು–ಬಿಳುಪು ಎಂದು ಪ್ರಕಟವಾಯಿತು. ಕಾರಣ ಕೇಳಿದವರಿಗೆಲ್ಲ 1960ರ ‘ಸೈಕೋ’ ಕಥೆ: ಹಿಚ್‌ಕಾಕ್ ತನ್ನ ಟೆಲಿವಿಷನ್ ತಂಡವನ್ನೇ ಕಟ್ಟಿಕೊಂಡು ಅಗ್ಗದಲ್ಲಿ ತೆಗೆದ ಚಿತ್ರ, ಬಚ್ಚಲಿನ ಕೊಲೆಗೆ ರಕ್ತದ ಬದಲು ಚಾಕೊಲೇಟ್ ಸಿರಪ್, ತೆರೆಯ ಮೇಲೆ ಒಂದು ನಿಮಿಷವೂ ಇಲ್ಲದ ಆ ದೃಶ್ಯಕ್ಕೆ ಒಂದು ವಾರದ ಚಿತ್ರೀಕರಣ. ಇವರಿಗೂ ಒಂದು ವಾರ ಬೇಕಾಯಿತು ನಿಜ. ಅದರಲ್ಲಿ ನಾಲ್ಕು ದಿನ ನೀರು ಬಂದಿರಲಿಲ್ಲ. ನಾಯಕಿಯಾಗಬೇಕಿದ್ದ ಹುಡುಗಿಯೂ ಬರಲಿಲ್ಲ, ಪರೀಕ್ಷೆ ಇತ್ತು. ಡೈರೆಕ್ಟ್ರು ಕಿಂಚಿತ್ತೂ ಕುಗ್ಗದೆ, "ಸುನೀಲ್ ಕುಮಾರ್ ದೇಸಾಯಿ ‘ಬೆಳದಿಂಗಳ ಬಾಲೆ’ನ ದನಿಯಲ್ಲೇ ನಡೆಸಲಿಲ್ವಾ ಸರ್?" ಎಂದು ನಾಯಕಿಯನ್ನು ಫೋನಿಗೆ ವರ್ಗ ಮಾಡಿದರು. ಅದೇ ದೇಸಾಯಿ ‘ತರ್ಕ’ದಲ್ಲಿ ಹಾಡೇ ಇಡಲಿಲ್ಲವೆಂದು ನೆನಪಿಸಿ, ಹಾಡು ಬರೆದುಕೊಂಡು ಬಂದಿದ್ದ ಗೆಳೆಯನನ್ನೂ ಸಾಗಹಾಕಿದರು. ಬಡತನವನ್ನು ಹೀಗೆ ಪರಂಪರೆಗೆ ಜೋಡಿಸಿಬಿಡುವ ಚಾಕಚಕ್ಯತೆ ಕಂಡರೆ ನನಗೆ ನಿಜವಾಗಿಯೂ ಗೌರವ.

ಅವರ ಅತ್ಯುತ್ತಮ ಕೆಲಸ ಶಬ್ದದ್ದು. ‘ಸೈಕೋ’ದಲ್ಲಿ ಚಾಕು ಇರಿಯುವ ಸದ್ದಿಗೆ ಒಂದು ಜಾತಿಯ ಕರಬೂಜಕ್ಕೆ ಇರಿದಿದ್ದರು, ಡೈರೆಕ್ಟ್ರೂ ಕರಬೂಜಕ್ಕೇ ಇರಿದರು. ಮೂಳೆ ಮುರಿಯುವ ಸದ್ದಿಗೆ ಅಲ್ಲಿನವರು ಸೆಲರಿ ದಂಟು ಮುರಿಯುತ್ತಾರೆ. ನಮ್ಮಲ್ಲಿ ಸೆಲರಿಗೆ ಎಲ್ಲಿ ಹೋಗೋಣ? ಡೈರೆಕ್ಟ್ರು ನುಗ್ಗೇಕಾಯಿ ತಂದರು. ಹೊದಿಕೆಯೊಳಗೆ ಮೊಬೈಲು ಇಟ್ಟು, ಮುಸುಕು ಹಾಕಿಕೊಂಡು, ಉಸಿರು ಬಿಗಿಹಿಡಿದು ಎರಡು ಕಾಯಿ ಜೋಡಿಸಿ ಮುರಿದರು. ಹೆಡ್‌ಫೋನಿನಲ್ಲಿ ಕೇಳಿದೆ. ಮೊದಲು ನಾರು ಬಿಗಿಯುವ ಸಣ್ಣ ಸದ್ದು, ಆಮೇಲೆ ಲಟಕ್ಕನೆ ಮುರಿತ, ಅದರ ಬೆನ್ನಿಗೆ ಒಳಗೇನೋ ಒದ್ದೆಯಾಗಿ ಸೀಳಿದ ಸದ್ದು. ನನ್ನ ಮೊಣಕೈ ತಾನಾಗಿ ಒಳಕ್ಕೆ ಎಳೆದುಕೊಂಡಿತು. ಹಿನ್ನೆಲೆಯಲ್ಲಿ ಪಕ್ಕದ ಮನೆಯ ಕುಕ್ಕರ್ ಎರಡು ಸಲ ಕೂಗಿದ್ದು ಬಿಟ್ಟರೆ ಅಪ್ಪಟ ಮೂಳೆ. ಆ ರಾತ್ರಿ ತಂಡಕ್ಕೆಲ್ಲ ನುಗ್ಗೇಕಾಯಿ ಹುಳಿ, ಇರಿದ ಕರಬೂಜಕ್ಕೆ ಬೆಲ್ಲ ಏಲಕ್ಕಿ ಹಾಕಿ ರಸಾಯನ. ಕೊಲೆಗಾರ ಎರಡು ಸಲ ಬಡಿಸಿಕೊಂಡ.

ಡೈರೆಕ್ಟ್ರಿಗೆ ಓದು ಕಡಿಮೆಯಿಲ್ಲ. ಮೇಜಿನ ಕೆಳಗೆ ಬಾಂಬಿದೆ ಎಂದು ಮೊದಲೇ ಪ್ರೇಕ್ಷಕನಿಗೆ ತೋರಿಸಿಬಿಡು, ಆಮೇಲೆ ಪಾತ್ರಗಳು ಬೇಕಾದ್ದು ಹರಟೆ ಹೊಡೆಯಲಿ, ಪ್ರೇಕ್ಷಕ ಕೂತಲ್ಲೇ ಬೆವರುತ್ತಾನೆ. ಇದು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋಗೆ ಹೇಳಿದ ಗುಟ್ಟು, ಇವರು ಟೀ ಅಂಗಡಿಯಲ್ಲಿ ದಿನಾ ಹೇಳುವ ಗುಟ್ಟು. ಆದರೆ ಇವರ ಬಾಂಬು ಕಾಯುವುದಿಲ್ಲ. ಕಾಯಲು ಇವರೇ ಬಿಡುವುದಿಲ್ಲ. ಮೂರು ಸೆಕೆಂಡ್ ಸುಮ್ಮನಿದ್ದರೆ ನೋಡುವವರು ಬೆರಳಲ್ಲಿ ಸರಿಸಿಬಿಡುತ್ತಾರೆಂಬ ಭಯ ಅವರಿಗೆ.

ಒಂದು ರಾತ್ರಿ ಕರೆಂಟು ಹೋಯಿತು. ಎಲ್ಲರೂ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದೆವು, ಮೊಬೈಲ್ ಸ್ಟ್ಯಾಂಡಿನಲ್ಲೇ ಓಡುತ್ತಿತ್ತು. ಒಳಗೆ ಕೊಲೆಗಾರ ಹುಡುಗ ಒಬ್ಬನೇ ಮಂಚದ ತುದಿಯಲ್ಲಿ ಕೂತಿದ್ದಾನೆ. ಎಮರ್ಜೆನ್ಸಿ ಲ್ಯಾಂಪಿನ ಬೆಳಕು ಅರ್ಧ ಮುಖಕ್ಕೆ. ಪಾಕ ಒಣಗಿ ಬೆರಳು ಅಂಟಿಕೊಂಡಿವೆ. ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುತ್ತಾನೆ, ನೋಡುತ್ತಾನೆ, ಮತ್ತೆ ಅಂಟಿಸುತ್ತಾನೆ. ಮುಖದಲ್ಲಿ ಸಿಟ್ಟಿಲ್ಲ, ದುಃಖವಿಲ್ಲ, ನಾಳೆಯ ಆಡಿಟ್ಟಿನ ಯೋಚನೆಯೋ ಏನೋ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡುತ್ತಾ ಯಾರೂ ಮಾತಾಡಲಿಲ್ಲ. ಇಡೀ ಚಿತ್ರದಲ್ಲಿ ಹೆದರಿಕೆ ಹುಟ್ಟಿಸುವುದು ಅದೊಂದೇ. ಡೈರೆಕ್ಟ್ರಿಗೂ ಅದು ಗೊತ್ತಾಯಿತು, ಕಣ್ಣು ಮಿನುಗಿದವು. ಮರುದಿನ ಅದರ ಮೇಲೆ ‘ಢಂ’ ಎಂಬ ಸದ್ದು, ಪಿಟೀಲಿನ ಕಿರುಚಾಟ, ಓಡುವ ಬೆಕ್ಕು ಸೇರಿಸಿ ನಾಲ್ಕು ಸೆಕೆಂಡಿಗೆ ಇಳಿಸಿದ್ದರು. "ಈಗ ಇಂಪ್ಯಾಕ್ಟ್ ಇದೆ" ಎಂದರು.

ಕೊನೆಯ ದಿನ ಕುಂಬಳಕಾಯಿ ಒಡೆದರು. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ ರಸ್ತೆಗೆ ಅಪ್ಪಳಿಸಿದಾಗ ಆದ ರಕ್ತಪಾತ ಚಿತ್ರದ ಯಾವ ಕೊಲೆಯಲ್ಲೂ ಆಗಿರಲಿಲ್ಲ. ಅದನ್ನು ಯಾರೂ ಶೂಟ್ ಮಾಡಲಿಲ್ಲ.

ಪ್ರದರ್ಶನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ, ಗೋಡೆಗೆ ಪಂಚೆ ಕಟ್ಟಿ. ಚಿತ್ರ ಹನ್ನೊಂದು ನಿಮಿಷ. ಅದರಲ್ಲಿ ಮೊದಲ ಎರಡು ನಿಮಿಷ ಹೆಸರುಗಳು. ಕಥೆ, ಚಿತ್ರಕಥೆ, ಸಂಭಾಷಣೆ, ಸಂಕಲನ, ಶಬ್ದ, ನಿರ್ದೇಶನ, ಎಲ್ಲಕ್ಕೂ ಒಂದೇ ಹೆಸರು ಬೇರೆಬೇರೆ ದಿಕ್ಕಿನಿಂದ ಹಾರಿಬಂತು. ಜನ ನಗಬಾರದ ಕಡೆ ನಕ್ಕರು. ಮೂಳೆ ಮುರಿದಾಗ ಮಾತ್ರ ಹಾಲಿನಲ್ಲಿ ‘ಅಯ್ಯಪ್ಪಾ’ ಎಂದದ್ದು ಕೇಳಿ ಡೈರೆಕ್ಟ್ರು ನನ್ನ ತೋಳು ಹಿಂಡಿದರು. ಎರಡನೇ ಕೊಲೆಯಲ್ಲಿ ಒಂದು ಚೀತ್ಕಾರವೂ ಬಂತು. ಅದು ಡೈರೆಕ್ಟ್ರ ತಾಯಿಯದು; ಹೆಣದ ಕೆಳಗೆ ಹಾಸಿದ್ದು ಅವರು ಬೀರುವಿನಲ್ಲಿ ಎತ್ತಿಟ್ಟಿದ್ದ ಹೊಸ ಬೆಡ್‌ಶೀಟು.

ದೀಪ ಹಾಕಿದ ಮೇಲೆ ಚರ್ಚೆ ಎಂದಿತ್ತು. ಬಾಗಿಲ ಒಳಗಿದ್ದವನು ಯಾರು, ಹೊರಗಿದ್ದವನು ಯಾರು ಎಂದು ಯಾರಾದರೂ ಕೇಳಲಿ ಅಂತ ಡೈರೆಕ್ಟ್ರು ಮೈಕು ಹಿಡಿದು ನಿಂತೇ ಇದ್ದರು. ಮೂರನೇ ಸಾಲಿನಿಂದ ಒಬ್ಬ ಹಿರಿಯ ಹೆಂಗಸು ಎದ್ದರು.

"ಕೊಲೆ ಮಾಡ್ತಾನಲ್ಲಪ್ಪ ಆ ಹುಡುಗ, ಏನು ಕೆಲಸ?"

"ಬ್ಯಾಂಕಲ್ಲಿ ಆಂಟಿ."

"ಪರ್ಮನೆಂಟಾ?"

"ಹೂಂ ಆಂಟಿ. ಚಿತ್ರದ ಬಗ್ಗೆ..."

"ತುಂಬ ಲಕ್ಷಣವಾಗಿ ಕೂತ್ಕೊಂಡಿದ್ದ, ಪಾಪ. ಗೋತ್ರ ಗೊತ್ತಾ?"

ಆಷಾಢ ಕಳೆದ ಕೂಡಲೇ ಮದುವೆಯಾಯಿತು. ಹುಡುಗಿಯ ಮನೆಯವರು ಹಾಕಿದ ಷರತ್ತು ಒಂದೇ, ಇನ್ನು ಮೇಲೆ ರಾತ್ರಿ ಕೊಲೆಗೆ ಹೋಗಕೂಡದು. ಡೈರೆಕ್ಟ್ರು ಈಗ ಎರಡನೇ ಭಾಗದ ಸ್ಕ್ರಿಪ್ಟು ಮುಗಿಸಿ ಕೂತಿದ್ದಾರೆ. ಟೀ ಅಂಗಡಿಯ ಗೋಡೆಯ ಮೇಲೆ ಚೀಟಿ ಅಂಟಿಸಿದ್ದಾರೆ: ಕೊಲೆಗಾರ ಬೇಕಾಗಿದ್ದಾನೆ, ಅನುಭವ ಬೇಕಿಲ್ಲ, ಊಟ ಉಂಟು, ಸ್ವಂತ ರೈನ್‌ಕೋಟ್ ಇದ್ದವರಿಗೆ ಆದ್ಯತೆ.